ತೊಟ್ಟಿಲಿಗೆ ಬಂದ ಹಳದಿ ಇರುವೆಗಳು

ಇಂಥ ಮಾತುಗಳನ್ನು ನಾನು ನಂಬಿದವಳಲ್ಲ. ಇರುವೆಗಳಿಂದ ತನ್ನ ಆಡಿನ ಕಣ್ಣು ಹೋಯಿತೆಂದು ಪಕ್ಕದ ಮನೆಯ ಹಸೀನಾಬಿ ಹೇಳಿದಾಗ, ಶಿರೋಳದ ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ನಕ್ಕುಬಿಟ್ಟಿದ್ದೆ.

"ನಗಬ್ಯಾಡ್ರಿ ಟೀಚರ್, ಬಂದು ನೋಡ್ರಿ" ಎಂದು ಕೈಹಿಡಿದು ಕರೆದೊಯ್ದಳು. ಆಡಿನ ಎರಡೂ ಕಣ್ಣು ಬೆಳ್ಳಗೆ ಮಂಜಾಗಿದ್ದವು. ಅವಳ ಗಂಡ ದೂರದ ನರ್ಸರಿಯಿಂದ ತಂದ ಸಸಿಗಳ ಮಣ್ಣಿನಲ್ಲಿ ಆ ಹಳದಿ ಇರುವೆಗಳು ಬಂದಿದ್ದವಂತೆ. ನಮ್ಮ ಇರುವೆಗಳ ಹಾಗೆ ಅವು ಸಾಲು ಹಿಡಿದು ನಡೆಯುವುದಿಲ್ಲ. ಹುಚ್ಚು ಹಿಡಿದಂತೆ ದಿಕ್ಕೆಟ್ಟು ಓಡುತ್ತವೆ. ಕಚ್ಚುವುದಿಲ್ಲ, ಉರಿಯುವ ರಸ ಚಿಮ್ಮಿಸುತ್ತವೆ. ಕೆಲವೇ ತಿಂಗಳಲ್ಲಿ ನಮ್ಮ ಓಣಿಯಲ್ಲಿ ಕರಿ ಇರುವೆಗಳೇ ಕಾಣದಾದವು.

ಒಂದು ಭಾನುವಾರ ಮಧ್ಯಾಹ್ನ ನನ್ನವರು ನರಗುಂದಕ್ಕೆ ಹೋಗಿದ್ದರು. ನಾಲ್ಕು ತಿಂಗಳ ಮಗಳು ತೊಟ್ಟಿಲಲ್ಲಿ ಮಲಗಿದ್ದಳು. ನಾನು ಮಾಳಿಗೆಯ ಮೇಲೆ ಬಟ್ಟೆ ಹರವಿ ಕೆಳಗಿಳಿಯುವಷ್ಟರಲ್ಲಿ ತೊಟ್ಟಿಲ ಹಗ್ಗ, ಮಗುವಿಗೆ ಹಾಸಿದ್ದ ಕೌದಿ ಎಲ್ಲ ಹಳದಿಯಾಗಿದ್ದವು. ನನ್ನ ಚೀರಾಟ ಕೇಳಿ ಹಸೀನಾಬಿ ಓಡಿಬಂದಳು. ನಾನು ಇರುವೆ ಪುಡಿಯ ಡಬ್ಬಿಗೆ ಕೈಹಾಕಿದ್ದೆ.

"ಅದು ಬ್ಯಾಡ್ರೀ! ಕೂಸಿನ ಕಣ್ಣಾಗ ಬೀಳ್ತೈತಿ. ಲಗೂ ಎತ್ರಿ!"

ಬಗ್ಗಿದವಳು ಹಾಗೆಯೇ ನಿಂತುಬಿಟ್ಟೆ. ಮಗುವಿನ ಸುತ್ತ ಗೇಣಗಲ ಕೌದಿ ಬರಿದಾಗಿತ್ತು. ಅದರ ಅಂಚಿನಲ್ಲಿ ಸಾವಿರಾರು ಇರುವೆಗಳು ನಿಂತಿದ್ದವು. ಒಂದು ಗಳಿಗೆಯೂ ನಿಲ್ಲದ ಆ ಇರುವೆಗಳು ಮೀಸೆಯನ್ನೂ ಅಲ್ಲಾಡಿಸದೆ ನಿಂತಿದ್ದವು. ಮಗಳು ಎಚ್ಚರವಾಗಿದ್ದಳು. ಅಳದೆ ಅವುಗಳನ್ನೇ ನೋಡುತ್ತಿದ್ದಳು.

ಕೈಚಾಚಿ ಎತ್ತಿಕೊಂಡೆ. ಆಗ ಅವು ಒಮ್ಮೆಲೇ ನನ್ನ ಕೈಮೇಲೆ ಹರಿದವು. ಮೊಣಕೈವರೆಗೆ ಬೊಬ್ಬೆ ಎದ್ದವು. ಮಗುವಿನ ಮೈಮೇಲೆ ಒಂದೇ ಒಂದು ಇರುವೆ ಇರಲಿಲ್ಲ. ರೋಣದ ದವಾಖಾನೆಯ ಡಾಕ್ಟರರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಕೂಸಿಗೆ ಏನೂ ಆಗಿಲ್ರಿ. ನಿಮ್ಮ ಕೈ ತೋರಸ್ರಿ" ಎಂದರು.

ಮಗುವಿಗೆ ಹಚ್ಚಿದ್ದ ಎಣ್ಣೆಯ ವಾಸನೆಗೆ ಇರುವೆಗಳು ನಿಂತಿರಬೇಕೆಂದುಕೊಂಡು, ಮರುದಿನ ಅದೇ ಎಣ್ಣೆಯನ್ನು ಬಟ್ಟೆಗೆ ಸವರಿ ಹಿತ್ತಿಲಲ್ಲಿಟ್ಟೆ. ನೋಡನೋಡುತ್ತಲೇ ಬಟ್ಟೆಯನ್ನು ಮುತ್ತಿದವು.

"ಅಲ್ಲಾ ಕಾಯ್ದಾನ್ರಿ" ಎನ್ನುತ್ತಾಳೆ ಹಸೀನಾಬಿ. ಅವಳ ಹಾಗೆ ನೆಮ್ಮದಿಯಾಗಿರಲು ನನಗೆ ಆಗುತ್ತಿಲ್ಲ. ಅಂದು ಅವು ಏಕೆ ನಿಂತವೆಂದು ಗೊತ್ತಿದ್ದರೆ ಧೈರ್ಯವಾಗಿರುತ್ತಿದ್ದೆ. ಈಗ ಮಗಳು ಅಂಗಳದ ತುಂಬ ಓಡಾಡುತ್ತಾಳೆ. ಹಳದಿ ಇರುವೆಗಳು ಇನ್ನೂ ಇವೆ. ಇನ್ನೊಮ್ಮೆ ನಿಲ್ಲುತ್ತವೆಯೋ ಇಲ್ಲವೋ, ನನಗೆ ಗೊತ್ತಿಲ್ಲ.