ಗಾಳಿಗೆ ಬೆನ್ನು ಕೊಟ್ಟು ನಿಂತ ಮನೆ

ನಿಪ್ಪಾಣಿಯಲ್ಲಿ ಬಸ್ಸಿನಿಂದ ಇಳಿದು ನಾನು ಮಾಡಿದ ಮೊದಲ ಕೆಲಸ ಸೀನಿದ್ದು. ಎರಡನೆಯ ಕೆಲಸವೂ ಅದೇ. ನನ್ನ ಹೆಂಡತಿ ಪ್ರೇಮಾ ಸೀನಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಟ್ರಂಕಿನ ಮೇಲೆ ಕುಳಿತುಬಿಟ್ಟಳು. ಊರಿಗೆ ಊರೇ ತಂಬಾಕಿನ ಘಾಟು. ನಮ್ಮ ಅರಸೀಕೆರೆಯಲ್ಲಿ ಕೊಬ್ಬರಿಯ ವಾಸನೆ ಸಂತೆಯ ದಿನ ಮೂಗಿಗೆ ತಾಗಿ ಹೋಗುತ್ತದೆ, ಅಷ್ಟೆ. ಇಲ್ಲಿನ ಘಾಟು ಗೋಡೆಗೆ, ಹಾಸಿಗೆಗೆ, ಕೊನೆಗೆ ಬಡಿಸಿದ ಅನ್ನಕ್ಕೂ ಹತ್ತಿಕೊಂಡಿತ್ತು.

ನಮ್ಮ ಅವಸ್ಥೆ ನೋಡಿ ಟಾಂಗಾದವನು ನಕ್ಕ. "ಹೊಸಾಬ್ರೇನ್ರಿ? ಎಂಟ್ ದಿನ ಸೀನತೀರಿ. ಆಮ್ಯಾಲ ಈ ಊರ ಬಿಟ್ಟು ಹೋದಾಗಷ್ಟ ಸೀನತೀರಿ ನೋಡ್ರಿ."

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನದು ಹೊಲಿಗೆ ಯಂತ್ರದ ಕಂಪನಿಯೊಂದರಲ್ಲಿ ರಿಪೇರಿಯ ಕೆಲಸ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಂದು ಐದು ಕಡೆಯ ದರ್ಜಿಗಳನ್ನು ನನ್ನ ಪಾಲಿಗೆ ಬರೆದಿದ್ದರು. ನಕಾಶೆಯಲ್ಲಿ ಬೆರಳಿಟ್ಟು ನೋಡಿದಾಗ ಐದೂ ಒಂದೇ ಬೆರಳಿನ ಕೆಳಗೆ ಬಂದವು. ನಾನು ಧೈರ್ಯವಾಗಿ ಒಪ್ಪಿಕೊಂಡೆ. ಧೈರ್ಯ ನನ್ನ ಜಾಯಮಾನವಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವವನು ನಾನು. ಆದರೂ ಪ್ರೇಮಾಳಿಗೆ ಚಿಕ್ಕಂದಿನಿಂದ ದಮ್ಮು ಇದೆ ಎಂಬುದನ್ನೂ, ನಿಪ್ಪಾಣಿ ತಂಬಾಕಿನ ಊರು ಎಂಬುದನ್ನೂ ಒಟ್ಟಿಗೆ ಇಟ್ಟು ಯೋಚಿಸಲು ನನಗೆ ಹೊಳೆಯಲೇ ಇಲ್ಲ. ನನ್ನ ಚಿಂತೆಗಳದ್ದು ಯಾವಾಗಲೂ ಹೀಗೆ. ಬೇಡದ ಕಡೆ ಕಾವಲು ಕೂರುತ್ತವೆ.

ಬಾಡಿಗೆಗೆ ಸಿಕ್ಕ ಮನೆಯ ಹಿಂದೆ ವಖಾರವಿತ್ತು. ವಖಾರವೆಂದರೆ ಇಲ್ಲಿಯವರ ಮಾತಿನಲ್ಲಿ ಗೋದಾಮು. ಬೆಳಿಗ್ಗೆ ಹೆಂಗಸರು ತಂಬಾಕು ಜರಡಿ ಹಿಡಿಯಲು ಕೂತರೆಂದರೆ ನಮ್ಮ ಕಿಟಕಿಯ ಬಿಸಿಲಿನಲ್ಲಿ ಕಂದು ಧೂಳು ಕುಣಿಯುತ್ತಿತ್ತು. ಪ್ರೇಮಾ ಗೋಡೆಗೆ ದಿಂಬು ಒರಗಿಸಿ, ಎರಡೂ ಕೈ ಮೊಣಕಾಲಿಗೆ ಊರಿ ಉಸಿರೆಳೆಯುತ್ತಿದ್ದಳು. ಚಿಕ್ಕೋಡಿಯಲ್ಲಿ ಬೇರೆ ಮನೆ ನೋಡಿದೆವು. ಅದರ ಅಟ್ಟದಲ್ಲೂ ತಂಬಾಕಿನ ಮೂಟೆ. ಮನೆ ಸಿಕ್ಕಿದ್ದರೂ ವಾರದಲ್ಲಿ ನಾಲ್ಕು ದಿನ ನಾನು ಅಥಣಿ, ಕಾಗವಾಡದ ಕಡೆ. ಪಕ್ಕದಲ್ಲಿ ಯಾರೂ ಇಲ್ಲದಾಗ ಅವಳಿಗೆ ಉಸಿರು ಸಿಕ್ಕಿಕೊಂಡರೆ? ಮಕ್ಕಳಿಲ್ಲದ ಮನೆ ನಮ್ಮದು. ನೀರು ಕೊಡುವವರೂ ಇಲ್ಲ.

ಅವಳ ತಮ್ಮ ರಂಗನಾಥ ಬಂದು ನೋಡಿದ. ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

"ಭಾವ, ಯುಗಾದಿವರೆಗೂ ನೋಡ್ತೀನಿ. ಹೀಗೇ ಇದ್ರೆ ಅಕ್ಕನ್ನ ಕರ್ಕೊಂಡು ಹೋಗ್ತೀನಿ. ನೀವು ಬೇಜಾರು ಮಾಡ್ಕೋಬಾರ್ದು" ಎಂದು ಹೇಳಿ, ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಹೊರಟ.

ಆಗ ಕಣ್ಣಿಗೆ ಬಿದ್ದದ್ದು ಕಂಪನಿಯ ಹಳೆಯ ವ್ಯಾನು. ಯಂತ್ರಗಳನ್ನು ಸಾಗಿಸಿ ಸಾಗಿಸಿ ಮುದಿಯಾಗಿ, ಆಫೀಸಿನ ಹಿತ್ತಲಲ್ಲಿ ನಿಂತಿತ್ತು. ಅಂಗಲಾಚಿ ಕೇಳಿ ತೆಗೆದುಕೊಂಡೆ. ಮನೆ ಒಂದೇ ಕಡೆ ನಿಂತಿದ್ದರಿಂದ ತಾನೇ ಈ ತೊಂದರೆ? ಹಾಗಾದರೆ ಓಡಾಡುವ ಮನೆ ಕಟ್ಟೋಣ, ಕೆಲಸಕ್ಕೆ ಹೋದಲ್ಲಿಗೆ ಹೆಂಡತಿಯೂ ಬರಲಿ. ಜೀವನದಲ್ಲಿ ನನಗೆ ಬಂದ ಒಂದೇ ಒಂದು ದೊಡ್ಡ ಯೋಚನೆ ಅದು.

ವೆಲ್ಡಿಂಗ್ ಅಂಗಡಿಯ ಮಾರುತಿ ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಇದರಾಗ ಯಾರ್ ಇರಾವ್ರೀ? ಸರ್ಕಸ್‌ನವ್ರೇನ?"

"ನಾನು, ನಮ್ಮ ಮನೆಯವರು."

"ಹಂಗಾರ ಸರ್ಕಸ್ಸ ಬಿಡ್ರಿ" ಎಂದು ಕನ್ನಡಕ ಏರಿಸಿಕೊಂಡ.

ಒಳಗಿನ ಸೀಟು ಕಿತ್ತೆವು. ಉದ್ದಕ್ಕೆ ಒಂದು ಮಂಚ. ಹಲಗೆ ಎತ್ತಿದರೆ ಅದರ ಹೊಟ್ಟೆಯಲ್ಲಿ ಬಟ್ಟೆ, ಅಕ್ಕಿ, ಜೋಳದ ಹಿಟ್ಟು. ಮಗ್ಗುಲಿಗೆ ನನ್ನ ಹತ್ಯಾರದ ಪೆಟ್ಟಿಗೆ. ತಿರುವಿನಲ್ಲಿ ಪಾತ್ರೆ ಉರುಳಬಾರದೆಂದು ಗೂಡಿನ ಅಂಚಿಗೆ ಪಟ್ಟಿ. ಹಿಂದೆ ನೀರಿನ ಡ್ರಮ್ಮು, ಅದಕ್ಕೊಂದು ನಲ್ಲಿ. ಸೀಮೆಎಣ್ಣೆ ಸ್ಟೋವನ್ನು ಮೂಲೆಯಲ್ಲಿ ಕಬ್ಬಿಣದ ಚೌಕಟ್ಟಿಗೆ ಬಿಗಿಸಿದೆ. ಇಷ್ಟಾದ ಮೇಲೆ ನನ್ನ ಚಿಂತೆ ಕೆಲಸ ಶುರುಮಾಡಿತು. ಧೂಳು ಒಳಗೆ ಬರಬಾರದಲ್ಲ? ಪ್ರತಿ ಬಾಗಿಲಿಗೆ, ಪ್ರತಿ ಕಿಟಕಿಗೆ, ನೆಲದ ಪ್ರತಿ ತೂತಿಗೆ ರಬ್ಬರು ಪಟ್ಟಿ ಅಂಟಿಸಿದೆ. ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಲಾರಿಯ ಹಾರ್ನು ಸಹ ದೂರದಲ್ಲಿ ಕೇಳಬೇಕು, ಹಾಗೆ. ನನ್ನ ಕೈಕೆಲಸವನ್ನು ನಾನೇ ತಟ್ಟಿ ತಟ್ಟಿ ನೋಡಿಕೊಂಡೆ.

ಮೊದಲ ಪ್ರಯಾಣ ರಾಯಬಾಗದ ಕಡೆಗೆ. ಕಬ್ಬೂರ ದಾಟುವ ಮೊದಲು ರಸ್ತೆ ಬದಿಯ ಬೇವಿನ ಮರದಡಿ ನಿಲ್ಲಿಸಿದೆವು. ಪಕ್ಕದ ಹೊಲದಲ್ಲಿ ಕಬ್ಬಿನ ರವದಿ, ಅಂದರೆ ಕಟಾವಿನ ನಂತರ ಉಳಿಯುವ ಒಣಗರಿ, ಸುಡುತ್ತಿದ್ದರು. ಹೊಗೆ ಬಂದೀತೆಂದು ಎಲ್ಲ ಮುಚ್ಚಿದೆ. ಪ್ರೇಮಾ ಸ್ಟೋವು ಹಚ್ಚಿ ಅನ್ನಕ್ಕಿಟ್ಟಳು. ನಾನು ಮುಂದಿನ ಸೀಟಿನಲ್ಲಿ ಕುಳಿತು ದರ್ಜಿಗಳ ವಿಳಾಸ ನೋಡುತ್ತಿದ್ದೆ. ಹಿಂದೆ ಪಾತ್ರೆ ಬಿದ್ದ ಸದ್ದಾಯಿತು. ತಿರುಗಿದರೆ ಅವಳು ಬಾಗಿಲಿನ ಹಿಡಿ ಹುಡುಕುತ್ತಿದ್ದಾಳೆ, ಸಿಗುತ್ತಿಲ್ಲ. ತುಟಿಗೆ ಬಣ್ಣವೇ ಇರಲಿಲ್ಲ. ಓಡಿಹೋಗಿ ಹೊರಗಿನಿಂದ ಬಾಗಿಲು ಎಳೆದೆ. ನನ್ನ ರಬ್ಬರು ಪಟ್ಟಿ ಎಷ್ಟು ಗಟ್ಟಿಯಾಗಿ ಕಚ್ಚಿಕೊಂಡಿತ್ತೆಂದರೆ, ಕಾಲು ಕೊಟ್ಟು ಎಳೆಯಬೇಕಾಯಿತು. ತಂಬಾಕಿನ ಧೂಳಿನಿಂದ ಅವಳನ್ನು ಪಾರು ಮಾಡಿ, ಸೀಮೆಎಣ್ಣೆ ಹೊಗೆಯ ಡಬ್ಬಿಯೊಳಗೆ ಕೂಡಿ ಹಾಕಿದ್ದೆ.

ಬೇವಿನ ಬುಡದಲ್ಲಿ ಕುಳಿತು ಅವಳು ಬಹಳ ಹೊತ್ತು ಉಸಿರು ಹುಡುಕಿದಳು. ಆಮೇಲೆ ಎದ್ದಳು. ಯುಗಾದಿಯ ಮಾತು ಎತ್ತುತ್ತಾಳೆ, ಊರಿಗೆ ಹೋಗೋಣ ಎನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ವ್ಯಾನಿನೊಳಗೆ ಹತ್ತಿ, ನನ್ನದೇ ಸ್ಪ್ಯಾನರಿನಿಂದ ಸ್ಟೋವಿನ ಬೋಲ್ಟು ಬಿಚ್ಚಿ, ಸ್ಟೋವನ್ನು ತಂದು ಮಣ್ಣಿನ ಮೇಲೆ ಇಟ್ಟಳು.

"ರೋಡಲ್ಲಿ ಅಡುಗೆ ಮಾಡ್ತೀಯಾ? ಎಲ್ಲಾ ನೋಡ್ತಾರೆ ಕಣೇ."

"ನೋಡ್ಲಿ ಬಿಡಿ. ನೋಡೋಕಾದ್ರೂ ನಾನು ಇರ್ತೀನಲ್ಲ."

ನಮ್ಮ ಕಡೆ ಅಡುಗೆಮನೆ ಎಂದರೆ ಮನೆಯ ಕೊನೆಯ ಕೋಣೆ. ಬಂದವರಿಗೆ ಒಗ್ಗರಣೆಯ ಸದ್ದು ಕೇಳಿಸಬಹುದು, ಒಲೆ ಕಾಣಿಸಬಾರದು. ಅಂಥ ಮನೆಯ ಮಗಳು ಕಬ್ಬಿನ ಟ್ರ್ಯಾಕ್ಟರುಗಳು ಹಾಯುವ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅನ್ನ ಬಸಿದಳು. ತಲೆ ಎತ್ತಲಿಲ್ಲ. ಕಿವಿ ಕೆಂಪಾಗಿದ್ದದ್ದು ನನಗೆ ಕಂಡಿತು.

ಅಂದು ಸಂಜೆ ರಬ್ಬರು ಪಟ್ಟಿಗಳನ್ನೆಲ್ಲ ಕಿತ್ತು ಬಿಸಾಡಿದೆ. ಅವಳ ಹಳೆಯ ನೀಲಿ ಸೀರೆಯ ಅಂಚು ಹರಿದು ವ್ಯಾನಿನ ಹೊರಗಿನ ಕನ್ನಡಿಯ ಕಂಬಿಗೆ ಕಟ್ಟಿದೆವು. ಎಲ್ಲಿ ನಿಂತರೂ ಅದು ಯಾವ ಕಡೆ ಹಾರುತ್ತದೆಂದು ನೋಡುವುದು. ಹೊಗೆ, ಧೂಳು ಬರುವ ಕಡೆಗೆ ವ್ಯಾನಿನ ಬೆನ್ನು, ಇನ್ನೊಂದು ಕಡೆಗೆ ಬಾಗಿಲು ಮತ್ತು ಒಲೆ. ದಾರಿಹೋಕರು ಅದನ್ನು ಹರಕೆಯ ಬಟ್ಟೆ ಎಂದುಕೊಂಡರು. ಕಾಗವಾಡದಲ್ಲಿ ಒಬ್ಬ ಅಜ್ಜ ವ್ಯಾನಿಗೆ ಕೈಮುಗಿದು, "ಯಾವ ದೇವರ್ರಿ?" ಎಂದು ಕೇಳಿದ. ಹೊಲಿಗೆ ಯಂತ್ರ ಎಂದೆ. ಆತ ಮತ್ತೊಮ್ಮೆ ಕೈಮುಗಿದ.

ನಿಲ್ಲಲು ಜಾಗ ಸಿಕ್ಕಿದ್ದು ಸದಲಗಾದಲ್ಲಿ. ಅಲ್ಲಿಯ ರೈತ ಅಪ್ಪಾಸಾಹೇಬರ ಹೆಂಡತಿ ಅಕ್ಕಾತಾಯಿಯ ಹೊಲಿಗೆ ಯಂತ್ರ ದಾರ ನುಂಗುತ್ತಿತ್ತು, ರಿಪೇರಿಗೆ ಹೋಗಿದ್ದೆ. ಪ್ರೇಮಾ ಹೊರಗೆ ಒಲೆ ಹಚ್ಚಿದ್ದನ್ನು ಅಕ್ಕಾತಾಯಿ ಬಾಗಿಲಿನಿಂದಲೇ ನೋಡಿದರು.

"ಏ ತಂಗಿ, ಹಾದ್ಯಾಗ ಯಾಕ ಕುಂತಿ ಬೇ? ನಮ್ಮ ಹೊಲ ಏನ್ ಹಾಳಾಗಿ ಹೋಗೈತೇನ? ಬಾ ಇತ್ತಾಗ."

ಈ ಸೀಮೆಯಲ್ಲಿ ಒಂದು ಪದ್ಧತಿಯಿದೆ. ಫಸಲು ಎತ್ತಿದ ಹೊಲದಲ್ಲಿ ಕುರಿಗಾರರನ್ನು ಕರೆದು ಹಿಂಡು ನಿಲ್ಲಿಸಿಕೊಳ್ಳುತ್ತಾರೆ. ನೆಲಕ್ಕೆ ಗೊಬ್ಬರ, ಕುರಿಗಾರರಿಗೆ ಕಾಳು. ಅವರು ಕುದುರೆಯ ಮೇಲೆ ಸಂಸಾರ ಹೇರಿಕೊಂಡು ಬಂದು, ಕೆಲ ದಿನವಿದ್ದು, ಮುಂದಿನ ಹೊಲಕ್ಕೆ ನಡೆಯುತ್ತಾರೆ. ಅಪ್ಪಾಸಾಹೇಬರು ನಮ್ಮನ್ನು ಆ ಲೆಕ್ಕಕ್ಕೆ ಸೇರಿಸಿಬಿಟ್ಟರು.

"ಕುರಿ ನಿಂದ್ರಸ್ತೇವಿ, ನಿಮ್ಮನ್ನ ನಿಂದ್ರಸಾಕ ಏನಾಗೈತ್ರಿ? ಆದ್ರ ಕುರಿ ನಿಂತ್ರ ಗೊಬ್ಬರಾದ್ರೂ ಸಿಗತೈತಿ. ನಿಮ್ಮಿಂದ ಏನ ಸಿಗತೈತಿ?"

"ಯಂತ್ರ ರಿಪೇರಿ ಮಾಡ್ಕೊಡ್ತೀನಿ."

"ಹೌದ್ರಿ, ಅದೂ ಹೊಲಕ್ಕ ಛಲೋನ" ಎಂದು ಅವರು ನಕ್ಕರೆ, ಅಕ್ಕಾತಾಯಿ ಗದರಿದರು: "ಸಾಕ ಬಿಡ್ರಿ ನಿಮ್ಮ ಚಾಷ್ಟಿ. ಆಕೀಗಿ ಮೊದಲ ಉಸರ ಆಡಲಿ."

ಸುದ್ದಿ ಹಬ್ಬಿತು. ಅಥಣಿಯ ದ್ರಾಕ್ಷಿ ತೋಟದವರು, ಉಗಾರ ಖುರ್ದದ ದರ್ಜಿ, ಒಬ್ಬೊಬ್ಬರಾಗಿ ಕರೆಯತೊಡಗಿದರು: "ಮುಂದಿನ ವಾರ ನಮ್ಮಲ್ಲೆ ನಿಂದರ್ರಿ." ತೋಟಕ್ಕೆ ಔಷಧ ಹೊಡೆಯುವ ದಿನವಿದ್ದರೆ ಅವರೇ ಹೇಳಿ ಕಳಿಸುತ್ತಿದ್ದರು, ಇವತ್ತು ಬರಬ್ಯಾಡ್ರಿ, ಅಕ್ಕಾರಿಗೆ ತ್ರಾಸ ಆಕ್ಕೈತಿ. ಅರಸೀಕೆರೆಯಲ್ಲಿ ಇಪ್ಪತ್ತು ವರ್ಷ ಒಂದೇ ಬೀದಿಯಲ್ಲಿದ್ದೆವು. ಎದುರು ಮನೆಯವರಿಗೆ ಪ್ರೇಮಾಳ ಕಾಯಿಲೆಯ ಹೆಸರೂ ಗೊತ್ತಿರಲಿಲ್ಲ. ಗೋಡೆಯಿದ್ದಲ್ಲಿ ಮುಚ್ಚಿಡಬಹುದು. ಇಲ್ಲಿ ಅವಳು ಕೆಮ್ಮಿದರೆ ಹೊಲದಾಚೆಯಿಂದ ಯಾರೋ ಬಿಸಿನೀರು ತರುತ್ತಿದ್ದರು. ಹಾಗೆಂದು ಎಲ್ಲವೂ ಸುಖವಲ್ಲ. ಮರಾಠಿ ಬೆರೆತ ಮಾತಿನಲ್ಲಿ ಅರ್ಧ ನನಗೆ ದಕ್ಕುತ್ತಿರಲಿಲ್ಲ. ಸ್ನಾನಕ್ಕೆ ಇನ್ನೊಬ್ಬರ ಬಾವಿ, ಬಚ್ಚಲು ಕೇಳಬೇಕು. ತೆಂಗಿನಕಾಯಿ ಇಲ್ಲದ ಸಾರಿಗೆ ಶೇಂಗಾ ಪುಡಿ ಸುರಿದುಕೊಂಡು ಪ್ರೇಮಾ ಒಮ್ಮೊಮ್ಮೆ ಸುಮ್ಮನೆ ಅತ್ತುಬಿಡುತ್ತಿದ್ದಳು. ಅತ್ತರೂ ಉಸಿರು ಕಟ್ಟುತ್ತಿರಲಿಲ್ಲ. ನನಗೆ ಅದೇ ದೊಡ್ಡದು.

ಯುಗಾದಿಗೆ ರಂಗನಾಥ ಬಂದ. ಸದಲಗಾದ ಹೊಲದ ನಡುವೆ ನಿಂತು ಸುತ್ತ ನೋಡಿದ. ಅಕ್ಕ ನೆಲದಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಆಚೆ ಕುರಿಗಳು.

"ಮನೆ ಎಲ್ಲಕ್ಕಾ?"

"ನೀನು ನಿಂತಿದ್ದೀಯಲ್ಲ, ಅದೇ ಹಜಾರ. ಚಪ್ಪಲಿ ಬಿಟ್ಟು ಬಾ."

ಅವನು ನಿಜಕ್ಕೂ ಚಪ್ಪಲಿ ಬಿಟ್ಟ. ಊಟ ಮಾಡುತ್ತ ಅವಳ ಉಸಿರನ್ನೇ ಕೇಳುತ್ತಿದ್ದ. ನಾನೂ ಅವನ ಮುಖವನ್ನೇ ನೋಡುತ್ತಿದ್ದೆ. ಕೈ ತೊಳೆದ ಮೇಲೆ ಕೇಳಿದ, "ಮಳೆ ಹಿಡಿದ್ರೆ ಒಲೆ ಎಲ್ಲಿಡ್ತೀಯ?"

ಅಷ್ಟು ಚಿಂತೆ ಮಾಡುವ ನಾನು ಅದನ್ನು ಚಿಂತಿಸಿರಲಿಲ್ಲ. ಒಲೆ ಒಳಗೆ ಬಂದರೆ ಅವಳಿಗೆ ಉಸಿರಿಲ್ಲ, ಹೊರಗಿದ್ದರೆ ಬೆಂಕಿಯಿಲ್ಲ. ಅಕ್ಕಾತಾಯಿ ತಮ್ಮ ಮನೆಗೆ ಕರೆದರು. ಅವರ ಪಡಸಾಲೆಯಲ್ಲೂ ತಂಬಾಕು ಒಣಗಿಸಿಟ್ಟಿದ್ದರು. ಹಾಗೆ ತೀರ್ಮಾನವಾಯಿತು: ಮಳೆಗಾಲ ಅರಸೀಕೆರೆಯ ತಮ್ಮನ ಮನೆಯಲ್ಲಿ, ಉಳಿದದ್ದು ಇಲ್ಲಿ. ಮಿರಗದ, ಅಂದರೆ ಮೃಗಶಿರಾ ಮಳೆಗೆ ಅವಳನ್ನು ಕರೆದೊಯ್ಯಲು ಬಂದಾಗ ಅಕ್ಕಾತಾಯಿ ರಂಗನಾಥನಿಗೆ ಹೇಳಿದರು, "ಒಯ್ರಿಪಾ ನಿಮ್ಮ ಅಕ್ಕನ್ನ. ಆದ್ರ ದಸರಾಕ್ಕ ತಂದ ಬಿಡಬೇಕ್ ನೋಡ್ರಿ. ಆಕಿ ನಮ್ಮಾಕಿ."

ಇದು ಹಲವು ವರ್ಷಗಳಿಂದ ಹೀಗೇ ನಡೆದಿದೆ. ಊರಿನಲ್ಲಿದ್ದಾಗ ಅವಳು ಹಿತ್ತಲ ಬಾಗಿಲು ತೆರೆದಿಟ್ಟು ಮಲಗುತ್ತಾಳಂತೆ. ರಂಗನಾಥನ ಹೆಂಡತಿಗೆ ಕಳ್ಳರ ಭಯ. ಇಲ್ಲಿಗೆ ಬಂದ ಮೊದಲ ವಾರ ತೆಂಗಿನ ಮರದ ಸದ್ದಿಲ್ಲವೆಂದು ನಿದ್ದೆ ಮಾಡುವುದಿಲ್ಲ. ನಾನೂ ಹಬ್ಬಕ್ಕೆ ಅರಸೀಕೆರೆಯಲ್ಲಿ ಬಸ್ಸಿಳಿದ ಕೂಡಲೆ ಸೀನುತ್ತೇನೆ. ಟಾಂಗಾದವನು ಸುಳ್ಳು ಹೇಳಿರಲಿಲ್ಲ.

ಈಗ ಆಷಾಢ. ಅವಳು ಅಲ್ಲಿದ್ದಾಳೆ. ವ್ಯಾನಿನೊಳಗೆ ಸ್ಟೋವು ಬಟ್ಟೆ ಸುತ್ತಿಕೊಂಡು ಮಂಚದ ಕೆಳಗೆ ಕುಳಿತಿದೆ. ನನ್ನ ಊಟ ಅಕ್ಕಾತಾಯಿಯ ಮನೆಯಲ್ಲಿ. ಇವತ್ತು ಮಧ್ಯಾಹ್ನ ರಾಯಬಾಗದಿಂದ ಬಂದು, ಹೊಲದ ಅಂಚಿನಲ್ಲಿ ಎಂಜಿನ್ನು ಆರಿಸುವ ಮೊದಲು, ಕನ್ನಡಿಯ ಕಡೆ ನೋಡಿದೆ. ನೀಲಿ ಬಟ್ಟೆ ನೆನೆದು ತೊಪ್ಪೆಯಾಗಿದ್ದರೂ ಅಷ್ಟಿಷ್ಟು ಅಲುಗುತ್ತಿತ್ತು. ಕೆಮ್ಮುವವರು ಒಳಗೆ ಯಾರೂ ಇರಲಿಲ್ಲ. ಆದರೂ ಗೇರು ಹಾಕಿ, ಕೆಸರಿನಲ್ಲಿ ಹಿಂದೆ ಮುಂದೆ ಹೊರಳಿಸಿ, ಗಾಳಿಗೆ ಬೆನ್ನಾಗುವಂತೆ ವ್ಯಾನನ್ನು ತಿರುಗಿಸಿ ನಿಲ್ಲಿಸಿದೆ.