ಇಳಿದ ಊರು ಯಾವುದೆಂದು ತಿಳಿಯದ ದಿನ

ಅರಸೀಕೆರೆಯಲ್ಲಿ ನನ್ನದೊಂದು ಪುಟ್ಟ ಟೈಲರಿಂಗ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಗಿರಾಕಿಗಳ ಅಳತೆಯನ್ನು ಎಂದೂ ಬರೆದಿಟ್ಟವಳಲ್ಲ. ಮುಖ ಕಂಡರೆ ಸಾಕು, ತೋಳಿನ ಉದ್ದ, ಕತ್ತಿನ ಆಳ ತಾವಾಗಿ ನೆನಪಿಗೆ ಬರುತ್ತಿದ್ದವು. ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು.

ಕಳೆದ ವರ್ಷ ಹಾರನಹಳ್ಳಿಯಿಂದ ಮದುವೆ ಹೆಣ್ಣೊಬ್ಬಳು ಬಂದಳು. "ಬಾಮ್ಮ, ಅಳತೆ ತಗೊಳ್ಳೋಣ" ಎಂದು ಟೇಪು ಎತ್ತಿಕೊಂಡೆ.

ಅವಳು ನಕ್ಕಳು. "ಅಕ್ಕಾ, ಹೋದ ವಾರಾನೇ ತಗೊಂಡ್ರಲ್ಲ. ಇವತ್ತು ರವಿಕೆ ಇಸ್ಕೊಂಡು ಹೋಗೋಕೆ ಬಂದಿದ್ದು."

ನಾನೂ ನಕ್ಕೆ. ರವಿಕೆ ಹೊಲಿದು, ಮಡಿಸಿ, ಕಪಾಟಿನಲ್ಲಿ ಇಟ್ಟಿದ್ದೆ. ಹೊಲಿದದ್ದು ನನ್ನ ಕೈಯೇ. ಆದರೆ ಆ ಮುಖವನ್ನು ಹಿಂದೆ ಕಂಡದ್ದೇ ನೆನಪಿಲ್ಲ. ಅವಳು ಹೋದ ಮೇಲೆ ಷಟರ್ ಅರ್ಧ ಎಳೆದು ಕುಳಿತುಬಿಟ್ಟೆ.

ನಮ್ಮಮ್ಮನಿಗೂ ಶುರುವಾದದ್ದು ಹೀಗೆಯೇ. ಮೊದಲು ಸಾರಿಗೆ ಎರಡೆರಡು ಸಲ ಉಪ್ಪು. ಐದು ವರ್ಷ ಕಳೆದ ಮೇಲೆ ಒಂದು ದಿನ ನಾನು ಅವಳ ತಲೆ ಬಾಚುತ್ತಿದ್ದಾಗ, "ನೀನು ಯಾರ ಮನೆಯೋಳಮ್ಮ? ನಿಮ್ಮಮ್ಮ ಕಾಯ್ತಿರ್ತಾಳೆ, ಮನೆಗೋಗು" ಎಂದಿದ್ದಳು.

ಯಾರಿಗೂ ಹೇಳಲಿಲ್ಲ. ಹೊಲಿಯುತ್ತ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಬೆಳಗ್ಗೆ ತಿಂದ ತಿಂಡಿ ಏನೆಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಹೆದರಿದಷ್ಟೂ ತಪ್ಪುಗಳು ಹೆಚ್ಚಾದವು.

ಒಂದು ಮಧ್ಯಾಹ್ನ ಬೇಲೂರಿನ ಅಕ್ಕನ ಮನೆಯಿಂದ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಜನ ಇಳಿಯುವುದನ್ನು ಕಂಡು ನಾನೂ ಇಳಿದೆ. ಬಸ್ಸು ಹೊರಟುಹೋಯಿತು. ಆಟೊಗಳು, ಪ್ರವಾಸಿಗರು, ಎಳನೀರಿನ ಗಾಡಿ ಎಲ್ಲ ಕಾಣುತ್ತಿದ್ದವು, ಊರು ಯಾವುದೆಂದು ಮಾತ್ರ ಹೊಳೆಯಲಿಲ್ಲ. ಎಳನೀರಿನವನನ್ನು ಕೇಳಿದೆ.

"ಹಳೇಬೀಡು ಕಣಮ್ಮ. ಯಾಕೆ, ಹುಷಾರಿಲ್ವಾ?"

ಚಿಕ್ಕಂದಿನಿಂದ ಲೆಕ್ಕವಿಲ್ಲದಷ್ಟು ಸಲ ಬಂದ ಊರು! ಅಲ್ಲೇ ಕಟ್ಟೆಯ ಮೇಲೆ ಕುಳಿತು ಅಕ್ಕನಿಗೆ ಫೋನು ಮಾಡಿದೆ. "ಅಲ್ಲಿಂದ ಅಲ್ಲಾಡಬೇಡ ಕಣೇ, ಬತ್ತೀನಿ" ಎಂದಳು.

ಮರುದಿನ ಅವಳೇ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಎರಡೇ ಬಂದವು. ಆಮೇಲೆ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಎಂದರು. ಬಟ್ಟೆಯ ಧೂಳಿಗೆ ಮೈ ತುರಿಸುತ್ತದೆಂದು ಮೆಡಿಕಲ್ ಶಾಪಿನಿಂದ ನಾನೇ ತಂದ ಮಾತ್ರೆಯನ್ನು ವರ್ಷದಿಂದ ದಿನಾ ನುಂಗುತ್ತಿದ್ದೆ. ತೋರಿಸಿದೆ.

"ಇದು ಮಂಪರು ತರೋ ಮಾತ್ರೆ. ದಿನಾ ತಗೊಂಡ್ರೆ ಮರೆವೂ ಬರಬಹುದು. ಇವತ್ತಿಂದ ಬೇಡ" ಎಂದರು. ರಕ್ತ ಪರೀಕ್ಷೆಯಲ್ಲಿ ಬಿ12 ವಿಟಮಿನ್ ಕೂಡ ಕಡಿಮೆ ಬಂತು; ಅದರಿಂದಲೂ ಮರೆವು ಬರುತ್ತದಂತೆ. ಇಂಜೆಕ್ಷನ್ ಶುರುವಾಯಿತು.

ಮೂರು ತಿಂಗಳಲ್ಲಿ ತಲೆ ತಿಳಿಯಾಯಿತು. ಕೊನೆಯ ಸಲ ಹೋದಾಗ ಧೈರ್ಯ ಮಾಡಿ ಕೇಳಿದೆ, "ಅಮ್ಮನ ಕಾಯಿಲೆ ನಂಗೆ ಬರಲ್ಲ ತಾನೆ?"

"ಈಗೇನೂ ಕಾಣಿಸ್ತಿಲ್ಲ. ಮುಂದಿನದು ಯಾರೂ ಹೇಳೋಕಾಗಲ್ಲಮ್ಮ."

ಜೊತೆಗೆ ಬಂದಿದ್ದ ಅಕ್ಕನೊಂದಿಗೆ ಆಟೊ ಹತ್ತಿದೆ. "ನಂಗೂ ಹಂಗಾದ್ರೆ ಏನಕ್ಕಾ ಮಾಡೋದು?" ಎಂದೆ.

"ನಾನಿಲ್ವೇನೇ?" ಎಂದವಳು ಮುಖ ಹೊರಗೆ ತಿರುಗಿಸಿದಳು. "ನಾನೂ ಅವಳ ಮಗಳೇ ಅಲ್ವಾ. ಈ ತಿಂಗಳು ಎರಡು ಸಲ ಗ್ಯಾಸ್ ಹಚ್ಚಿಟ್ಟು ಪೇಟೆಗೆ ಹೋಗಿದೀನಿ. ಯಾರಿಗೂ ಹೇಳಿಲ್ಲ ಕಣೇ."

ಅವಳ ಕೈ ಹಿಡಿದುಕೊಂಡೆ. ಆಟೊದವನಿಗೆ ವಾಪಸು ಡಾಕ್ಟರ ಹತ್ತಿರಕ್ಕೇ ತಿರುಗಿಸಲು ಹೇಳಿದೆ.