ಮೆಣಸಿನ ಬಳ್ಳಿಗೆ ಕಟ್ಟಿದ ಫೈಬರ್

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಲ್ಲಂದೂರು ಕಡೆಯ ತೋಟಗಳಲ್ಲಿ ಮರಗಸಿ ಮಾಡುತ್ತಿದ್ದೆ. ಮಳೆಗಾಲಕ್ಕೆ ಮುಂಚೆ ಏಣಿ ಹಾಕಿ ಸಿಲ್ವರ್ ಮರ ಹತ್ತಿ, ಕೆಳಗಿನ ಕಾಫಿ ಗಿಡಕ್ಕೆ ಬೆಳಕು ಬೀಳುವ ಹಾಗೆ ಕೊಂಬೆ ಕಡಿಯುವ ಕೆಲಸ. ಇಂಟರ್ನೆಟ್ ಅಂದರೆ ನನಗೆ ಮೊಬೈಲಿನ ಮೂಲೆಯ ನಾಲ್ಕು ಗೀಟು, ಅಷ್ಟೇ. ಅದು ಮನೆಗೆ ಬರಲು ಬೇರೆ ಬೇರೆ ದಾರಿ ಇವೆ ಅಂತ ಗೊತ್ತಾಗಿದ್ದು, ಅದರಲ್ಲಿ ಒಂದನ್ನು ನಾನೇ ಕಡಿದ ಮೇಲೆ.

ಹಿಂದೆ ನಮ್ಮ ಕಡೆ ಸುಮಾರು ತೋಟದ ಮನೆಗಳಿಗೆ ಲ್ಯಾಂಡ್‌ಲೈನ್ ಫೋನ್ ಇತ್ತು. ಕಂಬ ಬಿದ್ದವು, ಫೋನು ಸತ್ತವು, ಕಪ್ಪು ತಂತಿ ಮಾತ್ರ ಮರದಿಂದ ಮರಕ್ಕೆ ಜೋತು ಬಿದ್ದು ಉಳಿಯಿತು. ನಾವು ಕೆಲಸದವರು ಅದನ್ನು ಕಡಿದು ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುತ್ತಿದ್ದೆವು. ಮಳೆಗೆ ಕೊಳೆಯುವುದಿಲ್ಲ. ಯಾರೂ ಬೇಡ ಅಂದಿದ್ದೂ ಇಲ್ಲ.

ಆ ದಿನ ಬೆಳಗ್ಗೆ ಒಂದು ಸಣ್ಣ ತೋಟದಲ್ಲಿ ಕೆಲಸ. ಮೇಲಿನ ಪಟ್ಟೆಯಲ್ಲಿ, ಅಂದರೆ ತೋಟದ ಎತ್ತರದ ಭಾಗದಲ್ಲಿ, ಕೊಂಬೆಗೆ ಅಡ್ಡವಾಗಿ ಕಪ್ಪು ತಂತಿ ಸಿಕ್ಕಿತು. ಕಡಿದು ಎಳೆದೆ. ನಾಲ್ಕು ಬಳ್ಳಿಗೆ ಕಟ್ಟಿದೆ. ಯಾವತ್ತಿನದಕ್ಕಿಂತ ಗಡುಸಾಗಿತ್ತು, ಗಂಟು ಸರಿಯಾಗಿ ಕೂರಲಿಲ್ಲ. ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಹನ್ನೊಂದು ಗಂಟೆಗೆ ತೋಟದ ಅಮ್ಮ ಹುಡುಕಿಕೊಂಡು ಬಂದರು. ಮನೆಯ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಕೆಂಪು ಲೈಟು ಉರಿಯುತ್ತಿದೆ, ನೆಟ್ ಇಲ್ಲ ಅಂದರು. ಅವರ ಕಣ್ಣು ನನ್ನ ಕೈಯಲ್ಲಿದ್ದ ತುಂಡಿನ ಮೇಲೆ ಬಿತ್ತು.

"ಇದು ಎಲ್ಲಿ ಸಿಕ್ತು ನಿಂಗೆ?"

"ಹಳೇ ಫೋನ್ ತಂತಿ ಅಮ್ಮ. ಮೇಲಿನ ಪಟ್ಟೇಲಿತ್ತು."

"ಹಳೇದಲ್ಲ ಮಾರಾಯ. ಹೋದ ವಾರ ಎಳೆಸಿದ್ದು. ಮೂರು ಗಂಟೆಗೆ ನಂಗೆ ಕ್ಲಾಸಿದೆ."

ವಿಷಯ ಆಮೇಲೆ ಹೇಳಿದರು. ಮದುವೆಗೆ ಮುಂಚೆ ಅವರು ಲೆಕ್ಕದ ಟೀಚರ್. ತೋಟಕ್ಕೆ ಬಂದ ಮೇಲೆ ಇಪ್ಪತ್ತು ವರ್ಷ ಪಾಠ ಮಾಡಿರಲಿಲ್ಲ. ಈಗ ಮನೆಯಿಂದಲೇ ಆನ್‌ಲೈನಲ್ಲಿ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದರು. ಅವತ್ತು ಪರೀಕ್ಷೆಯ ಪಾಠ. ಮಕ್ಕಳ ಜೊತೆ ಒಬ್ಬ ದೊಡ್ಡ ಮೇಡಂ ಕೂತು ನೋಡುತ್ತಾರೆ. ತಪ್ಪಿದರೆ ಕೆಲಸ ಬೇರೆಯವರಿಗೆ. ಅವರ ಗಂಡ, ನಮ್ಮ ಸಾಹುಕಾರರು, ಕಾರು ತಗೊಂಡು ಮೂಡಿಗೆರೆಗೆ ಹೋಗಿದ್ದರು. ಸಿಗ್ನಲ್ ಸಿಗುವ ರೋಡಿನ ತಿರುವಿನಲ್ಲಿ ಟೂರಿಸ್ಟ್ ಜೀಪುಗಳ ಹಾರನ್ನು. ಅಲ್ಲಿ ಕೂತು ಪಾಠ ಆಗುವುದಿಲ್ಲ.

ನಾನು ಜೋಡಿಸಿ ಕೊಡುತ್ತೇನೆ ಅಂದೆ. ಬಳ್ಳಿ ಬಿಚ್ಚಿ ತಂತಿ ತಂದೆ, ಹಲ್ಲಿನಲ್ಲಿ ಸಿಪ್ಪೆ ಕಚ್ಚಿ ಸುಲಿದೆ. ತಾಮ್ರವೇ ಇಲ್ಲ. ಎರಡು ಉಕ್ಕಿನ ಎಳೆ, ನಡುವೆ ಕೂದಲಿನಂಥ ಒಂದು ಗಾಜಿನ ಎಳೆ. ಉಕ್ಕಿಗೆ ಉಕ್ಕು ಹೊಸೆದು ಟೇಪ್ ಸುತ್ತಿದೆ. ಗಾಜು ಮುರಿಯಿತು. ಪೆಟ್ಟಿಗೆಯ ಲೈಟು ಕೆಂಪಾಗಿಯೇ ಇತ್ತು.

ತಂತಿ ಎಳೆದ ಲೈನ್‌ಮ್ಯಾನಿಗೆ ಫೋನ್ ಮಾಡಬೇಕು, ಕೆಳಗೆ ಸಿಗ್ನಲ್ ಇಲ್ಲ. ಕಾಫಿ ಒಣಗಿಸುವ ಕಣದ ಅಂಚಿನ ಸಿಲ್ವರ್ ಮರಕ್ಕೆ ಏಣಿ ಹಾಕಿ ಮೇಲೆ ಹೋಗಿ ಮಾಡಿದೆ. ಅವರು ಅತ್ತಿಗುಂಡಿಯಲ್ಲಿದ್ದರು, ಅಲ್ಲೂ ಲೈನು ಹೋಗಿತ್ತು. ನಾಳೆ ಬೆಳಗ್ಗೆ ಅಂದರು. ಫೋನ್ ಇಟ್ಟಾಗ ನೋಡಿದೆ. ಮರದ ಮೇಲೆ ನಾಲ್ಕು ಗೀಟೂ ತುಂಬಿದ್ದವು.

ಅಲ್ಲಿಂದಲೇ ಕೂಗಿ ಹೇಳಿದೆ. ಅಮ್ಮ ಒಳಗೆ ಹೋಗಿ ಸೀರೆ ಬದಲಾಯಿಸಿ, ಸ್ಟೂಲು, ಲ್ಯಾಪ್‌ಟಾಪು ತಂದು ಮರದ ಬುಡದಲ್ಲೇ ಕೂತರು. ನನ್ನ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕುವುದನ್ನು ಅವರೇ ಕೆಳಗಿಂದ ಹೇಳಿಕೊಟ್ಟರು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಫೋನನ್ನು ಹೊರಕ್ಕೆ ಚಾಚಿ ಹಿಡಿದೆ. ಜೇಬಿಗೆ ಹಾಕಿದರೆ ಒಂದು ಗೀಟು ಹೋಗುತ್ತಿತ್ತು.

ಮುಕ್ಕಾಲು ಗಂಟೆ ಹಾಗೇ ಇದ್ದೆ. ಚಗಳಿ ಇರುವೆ ಕುತ್ತಿಗೆಗೆ ಹತ್ತಿ ಕಚ್ಚಿದವು. ಒಂದು ಕೈ ಮರಕ್ಕೆ, ಒಂದು ಕೈ ಫೋನಿಗೆ. ಹೊಡೆದುಕೊಳ್ಳಲು ಕೈಯಿಲ್ಲ. ಕೆಳಗೆ ಅಮ್ಮ ಭಿನ್ನರಾಶಿ ಹೇಳುತ್ತಿದ್ದರು. ಶಾಲೆಯಲ್ಲಿ ನನಗೆ ತಲೆಗೆ ಹೋಗದ ಪಾಠ ಅದು. ಅವರು ಒಂದು ಹಲಸಿನ ಹಣ್ಣನ್ನು ಮೂರು ಮನೆಗೆ ಹಂಚಿಸಿದರು. ಅವತ್ತು ತಲೆಗೆ ಹೋಯಿತು.

ಒಂದು ಇರುವೆ ಬಾಯಿಗೇ ಬಂತು. ತಡೆಯಲಾಗದೆ ಕೆಮ್ಮಿದೆ.

"ಮಿಸ್, ನಿಮ್ಮ ಮರ ಕೆಮ್ತು," ಅಂತು ಒಂದು ಹುಡುಗಿ.

"ಮರ ಅಲ್ಲ ಪುಟ್ಟ, ನಮ್ಮ ಟವರು," ಅಂದರು ಅಮ್ಮ. "ಅದಕ್ಕೂ ಪಾಠ ಅರ್ಥ ಆಗ್ತಿದೆ. ನೀನು ಮೂರನೇ ಲೆಕ್ಕ ಮಾಡು."

ಲ್ಯಾಪ್‌ಟಾಪಿನಿಂದ ಮಕ್ಕಳ ನಗು ಕೇಳಿತು. ದೊಡ್ಡ ಮೇಡಂ ನಕ್ಕರೋ ಇಲ್ಲವೋ, ಮೇಲಿಂದ ಗೊತ್ತಾಗಲಿಲ್ಲ. ಪಾಠ ಮುಗಿದ ಮೇಲೆ ಅವರು ತಿಳಿಸುತ್ತೇವೆ ಅಂದರಂತೆ, ಅಷ್ಟೇ.

ಮಾರನೇ ದಿನ ಲೈನ್‌ಮ್ಯಾನ್ ಬಂದರು. ನನ್ನ ಟೇಪ್ ಬಿಚ್ಚಿ ನೋಡಿದರು.

"ಇದನ್ನ ಹೊಸೆದೋರು ಯಾರು?"

ನಾನೇ ಅಂದೆ. ಕಡಿದದ್ದೂ ನಾನೇ ಅಂದೆ.

"ಫೋನ್ ತಂತೀಲಿ ಹೋಗೋದು ಕರೆಂಟು, ಹೊಸೆದ್ರೆ ದಾಟತ್ತೆ. ಇದ್ರಲ್ಲಿ ಹೋಗೋದು ಬೆಳಕು ಮಾರಾಯ. ಬೆಳಕನ್ನ ಹೊಸೀತಾರಾ?"

ಅವರ ಹತ್ತಿರ ಒಂದು ಸಣ್ಣ ಮೆಷಿನ್ ಇತ್ತು. ಎರಡು ಗಾಜಿನ ಎಳೆಗಳನ್ನು ಮುಖಕ್ಕೆ ಮುಖ ಇಟ್ಟು ಕಾಯಿಸಿ ಬೆಸೆಯುತ್ತದೆ. ಅದರಲ್ಲಿ ಕೆಲಸ ಮಾಡುತ್ತಲೇ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಹಳೇ ಫೋನ್ ತಂತಿಯಲ್ಲೂ ನೆಟ್ ಬರುತ್ತಿತ್ತು, ದೂರ ಹೋದಷ್ಟೂ ಸುಸ್ತಾಗುತ್ತಿತ್ತು. ಮನೆಯೊಳಗೆ ಸಿಮ್ ಹಾಕುವ ಪೆಟ್ಟಿಗೆಯೂ ಇದೆ, ಆದರೆ ಇಂಥ ತಗ್ಗಿಗೆ ಟವರಿನ ಸಿಗ್ನಲ್ಲೇ ಇಳಿಯುವುದಿಲ್ಲ. ಎದುರು ಗುಡ್ಡದ ಟವರಿಗೆ ಮುಖ ಮಾಡಿ ಮನೆಯ ಮಾಡಿನ ಮೇಲೆ ತಟ್ಟೆ ಕೂರಿಸಬಹುದು, ನಡುವೆ ಒಂದು ಮರ ಬೆಳೆದರೆ ಮುಗೀತು. ಆಕಾಶದ ಸ್ಯಾಟಲೈಟಿನಿಂದ ನೇರ ಹಿಡಿಯುವ ತಟ್ಟೆಯೂ ಇದೆ, ಅದಕ್ಕೆ ತಲೆ ಮೇಲೆ ಬಯಲು ಬೇಕು.

"ಫೈಬರಿಗೆ ಮಂಜು ಮಳೆ ಏನೂ ಲೆಕ್ಕ ಇಲ್ಲ," ಅಂದರು. "ಹೆದರಿಕೆ ನಿನ್ ಕತ್ತೀದೊಂದೇ."

ಪೆಟ್ಟಿಗೆಯ ಲೈಟು ಹಸಿರಾಯಿತು. ಅಮ್ಮ ಲ್ಯಾಪ್‌ಟಾಪ್ ತೆಗೆದರು. ಬಂದಿದ್ದ ಮೇಲನ್ನು ಎರಡು ಸಲ ಓದಿದರು.

"ಸೋಮವಾರದಿಂದ ಕ್ಲಾಸ್ ತಗೊಳ್ಳಿ ಅಂದಿದಾರೆ," ಅಂದರು.

ಲೈನ್‌ಮ್ಯಾನ್ ನೆಲದಲ್ಲಿದ್ದ ತಂತಿಯನ್ನು ಮತ್ತೆ ಅದೇ ಸಿಲ್ವರ್ ಮರಗಳ ಮೇಲೆ ಎಳೆಯಲು ಹೊರಟಾಗ ಅಮ್ಮ ತಡೆದರು.

"ಯಾವ ಮರದ ಮೇಲೆ ಎಳೀಬೇಕು ಅಂತ ಇವನನ್ನ ಕೇಳಿ. ಕಡಿಯೋನು ಇವನೇ."

ಸಿಲ್ವರ್ ಬೇಡ, ಪ್ರತಿ ವರ್ಷ ಕತ್ತಿ ಬೀಳುತ್ತದೆ ಅಂದೆ. ಬೇಲಿ ಸಾಲಿನ ಹಲಸು, ನೇರಳೆ ತೋರಿಸಿದೆ. ಆ ಮರಗಳಿಗೆ ನಾವು ಏಣಿ ಹಾಕುವುದಿಲ್ಲ. ತಂತಿ ಹಿಡಿದು ಎಳೆದವನೂ ನಾನೇ. ಸಂಜೆ ಹೊರಡುವಾಗ ಲೈನ್‌ಮ್ಯಾನ್ ನನ್ನ ನಂಬರ್ ಬರೆದುಕೊಂಡರು. ಅದರ ಮುಂದಿನ ತಿಂಗಳಿಂದ ಅವರ ಜೊತೆಗೇ ಕೆಲಸಕ್ಕೆ ಹೋಗತೊಡಗಿದೆ. ಈಗ ಅಂಥ ಮೆಷಿನ್ ನನ್ನ ಬ್ಯಾಗಿನಲ್ಲೂ ಒಂದಿದೆ.

ಅಮ್ಮ ಅವತ್ತು ನಮ್ಮನ್ನು ಕೆಲಸಕ್ಕೆ ಕರೆತರುತ್ತಿದ್ದ ಮೇಸ್ತ್ರಿಗೆ ಒಂದು ಮಾತು ಹೇಳಿದ್ದರೆ ನನ್ನನ್ನು ಅಲ್ಲಿಂದಲೇ ಕಳಿಸುತ್ತಿದ್ದ. ಹೇಳಲಿಲ್ಲ. ಮೂರು ಮಳೆಗಾಲ ಕಳೆದಿವೆ. ಬೇಲಿ ಸಾಲಿನ ಆ ತಂತಿ ಒಂದು ಸಲವೂ ಹೋಗಿಲ್ಲ, ಅವರ ಕ್ಲಾಸೂ ನಿಂತಿಲ್ಲ. ಆದರೂ ಆ ಕಡೆ ಹೋದಾಗಲೆಲ್ಲ ಮರ ಮರಕ್ಕೂ ನಿಂತು ನೋಡಿಕೊಂಡೇ ಬರುತ್ತೇನೆ.